ಕಕ್ಕಡ ಹದಿನೆಂಟರ ಸೂಪರ್‌ಬಗ್ ಸಂಹಾರ

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಮದ್ದು ಸೊಪ್ಪಿನ ಪಾಯಸ ಉಣ್ಣುವ ಕಕ್ಕಡ ಹದಿನೆಂಟು, ಹತ್ತಿರ ಬಂತೆಂದರೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಉಳಿಗಾಲವಿಲ್ಲ. ಆಗಸ್ಟ್ 3ರಂದು ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧ ಸೇರಿರುತ್ತದೆ ಎಂದು ಹಿರಿಯರು ಹೇಳಿದ್ದು ಸಾಲದೆಂದು ಹತ್ತೊಂಬತ್ತನೆಯದಾಗಿ ಆ್ಯಂಟಿಬಯೋಟಿಕ್ಕನ್ನು ನಾವೇ ಸೇರಿಸಿದ್ದೇವೆ. ಯಾವ ಮಾತ್ರೆಗೂ ಬಗ್ಗದ ಸೂಪರ್‌ಬಗ್ ಈ ಸೊಪ್ಪಿಗೆ ನಡುಗುತ್ತದಂತೆ. ಸಾಕ್ಷಿ? ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುತ್ತದಲ್ಲ! (ಬೀಟ್‌ರೂಟ್ ತಿಂದರೂ ಕೆಲವರಿಗೆ ಆಗುತ್ತದೆ. ಪಾಪ, ಅದಕ್ಕೊಂದು ಹಬ್ಬವಿಲ್ಲ.)

ಜೊತೆಗೊಂದು ಫೋಟೊ. ಗಾಜಿನ ತಟ್ಟೆಯ ತುಂಬ ಮಬ್ಬಾಗಿ ಬೆಳೆದ ಬ್ಯಾಕ್ಟೀರಿಯಾ, ನಡುವೆ ಸೊಪ್ಪಿನ ಸತ್ವದಲ್ಲಿ ಅದ್ದಿದ 6 ಮಿಲಿಮೀಟರಿನ ಕಾಗದದ ಬಿಲ್ಲೆ, ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿಯಾದ ಉಂಗುರ. ಉಂಗುರ ಕಂಡ ಮೇಲೆ ಕೇಳಬೇಕೆ, ನಿಶ್ಚಿತಾರ್ಥವೇ ಮುಗಿದ ಸಂಭ್ರಮ. ಫಿನೈಲ್ ಹಾಕಿದರೂ ಉಂಗುರ ಬರುತ್ತದೆ. ಸೊಪ್ಪಿನ ಸತ್ವ ಇಳಿಸಿದ್ದು ಮೆಥನಾಲಿನಲ್ಲಿ; ಬ್ಯಾಕ್ಟೀರಿಯಾವನ್ನು ತಾನೇ ಕೊಲ್ಲಬಲ್ಲ ಒಂದು ಬಗೆಯ ಆಲ್ಕೊಹಾಲ್ ಅದು. ಬರೀ ಮೆಥನಾಲಿನ ಬಿಲ್ಲೆಯನ್ನೂ ಪಕ್ಕದಲ್ಲಿಟ್ಟು ನೋಡಿದ್ದಾರಾ ಎಂದು ಕೇಳಿದರೆ ನೀವು ಸಂಸ್ಕೃತಿ ವಿರೋಧಿ. ತಟ್ಟೆಯಲ್ಲಿದ್ದದ್ದು ಐಸಿಯುನಲ್ಲಿ ಪಳಗಿದ, ಹಲವು ಮದ್ದಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಸೂಪರ್‌ಬಗ್ಗೋ, ಸಾದಾ ಪೆನಿಸಿಲಿನ್‌ಗೂ ಶರಣಾಗುವ ಎಟಿಸಿಸಿ 25923 ಎಂಬ ಪ್ರಯೋಗಾಲಯದ ಸಾಧುಪ್ರಾಣಿಯೋ ಎಂದು ವಿಚಾರಿಸಿದರಂತೂ ಅಡ್ಮಿನ್ ನಿಮ್ಮನ್ನು ಗುಂಪಿನಿಂದಲೇ ಎತ್ತಿಬಿಡುತ್ತಾರೆ.

ಒಂದು ಲೆಕ್ಕ ಹಾಕಿ. ಮಿಲಿಲೀಟರಿಗೆ 5 ಮಿಲಿಗ್ರಾಂ ಸತ್ವವಿದ್ದರೆ ರೋಗಾಣು ಸಾಯುತ್ತದೆ ಎನ್ನೋಣ. ಮೈಯಲ್ಲಿ ರಕ್ತ ಸುಮಾರು 5 ಲೀಟರ್. ಅಂದರೆ 25 ಗ್ರಾಂ ಸತ್ವ ನೇರ ರಕ್ತಕ್ಕೆ ಇಳಿಯಬೇಕು. ಒಣಸೊಪ್ಪಿನ ಹತ್ತನೇ ಒಂದು ಪಾಲು ಸತ್ವ ಬಂದರೂ ಕಾಲು ಕಿಲೋ ಒಣಸೊಪ್ಪು ಬೇಕು. ಪಾಯಸ ಕುಡಿದರೆ ಸಾಲದು, ಡ್ರಿಪ್ಪಿನಲ್ಲಿ ಏರಿಸಬೇಕು. ಇದೇ ಕೆಲಸವನ್ನು ಒಳ್ಳೆಯ ಆ್ಯಂಟಿಬಯೋಟಿಕ್ ಮೈಕ್ರೋಗ್ರಾಂ ಲೆಕ್ಕದಲ್ಲಿ ಮುಗಿಸುತ್ತದೆ. ಗಿಡದಿಂದ ಮದ್ದು ಬಾರದೆಂದಲ್ಲ. ಮಲೇರಿಯಾದ ಆರ್ಟೆಮಿಸಿನಿನ್ ಗಿಡದಿಂದಲೇ ಬಂತು, 2015ರಲ್ಲಿ ತು ಯೂಯೂ ಅವರಿಗೆ ನೊಬೆಲ್ಲೂ ಸಿಕ್ಕಿತು. ಆದರೆ ಆಕೆ ಸತ್ವವನ್ನು ಇಲಿ, ಕೋತಿಗಳಿಗೆ ಕೊಟ್ಟು, ಕೊನೆಗೆ ತಾನೇ ನುಂಗಿ ನೋಡಿದವರು. ಸ್ಟೇಟಸ್ ಹಾಕಿ ಮಲಗಿದವರಲ್ಲ.

ಅಷ್ಟರಲ್ಲಿ ಪೇಟೆಯ ಮೆಡಿಕಲ್ ಶಾಪಿನಲ್ಲಿ ಅಸಲಿ ಸಂಶೋಧನೆ ನಡೆದಿರುತ್ತದೆ.

"ಅಣ್ಣಾ, ಶೀತ, ಜ್ವರ. ಒಳ್ಳೆ ಪವರಿಂದು ಕೊಡಿ."

"ಚೀಟಿ ಉಂಟಾ?"

"ಎಂಥ ಚೀಟಿ? ಹೋದ ಸಲ ಕೊಟ್ರಲ್ಲ ಸೆಫಿಕ್ಸಿಮ್, ಅದೇ ಎರಡು ಸಾಕು. ನಾಳೆ ನಾಟಿ ಉಂಟು."

ಶೀತ ತರುವುದು ವೈರಸ್; ಸೆಫಿಕ್ಸಿಮ್ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್, ವೈರಸ್ಸಿನ ಗೊಡವೆಗೇ ಹೋಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಒಂದು ದಿನದ ಉಚಿತ ತರಬೇತಿ ಶಿಬಿರ. ಅರೆಬರೆ ಡೋಸಿಗೆ ರೋಗಾಣು ಪಳಗಿಬಿಡುತ್ತದೆ ಎಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ನಮ್ಮ ಸರ್ಕಾರವೂ ಸುಮ್ಮನೆ ಕೂತಿಲ್ಲ. 2014ರಿಂದ ಸೆಫಿಕ್ಸಿಮ್, ಚೀಟಿಯಿಲ್ಲದೆ ಮಾರಬಾರದ ಮದ್ದುಗಳ ಎಚ್1 ಪಟ್ಟಿಯಲ್ಲಿದೆ: ಬರೆದುಕೊಟ್ಟ ಡಾಕ್ಟರು ಯಾರು, ರೋಗಿ ಯಾರು, ಕೊಟ್ಟದ್ದೆಷ್ಟು ಎಂದು ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಜೋಪಾನ ಮಾಡಬೇಕು. ಸುಳ್ಳು ಹೇಳಬಾರದು, ಜೋಪಾನ ಮಾಡಿದ್ದಾರೆ. ಒಂದು ಗೀರೂ ಬಿದ್ದಿಲ್ಲ.