ಬೆನ್ನಿನ ನೀರು ತೆಗೆಸಲು ಹೆದರುವವರಿಗೆ

ಮೆದುಳಿನ ಪೊರೆಗೆ ಸೋಂಕು ತಗಲುವ ಮೆನಿಂಜೈಟಿಸ್ ಇರಬಹುದೆಂದು ವೈದ್ಯರು ಶಂಕಿಸಿ ಬೆನ್ನಿನ ನೀರು ಪರೀಕ್ಷೆಗೆ ಹೇಳಿದಾಗ, ಮನೆಯವರು ಒಪ್ಪದೆ ಇವತ್ತು ಬೇಡ, ನಾಳೆ ನೋಡೋಣ ಎಂದು ಮುಂದೂಡುವುದನ್ನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ನೋಡುತ್ತಲೇ ಬಂದಿದ್ದೇನೆ. ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದಂತೆ, ಪಕ್ಕದೂರಿನಲ್ಲಿ ಯಾರಿಗೋ ನೀರು ತೆಗೆದ ಮಾರನೆಯ ದಿನವೇ ಪ್ರಾಣ ಹೋಯಿತಂತೆ ಎಂಬ ಮಾತುಗಳು ವಾರ್ಡಿನ ಹೊರಗಿನ ಬೆಂಚಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತವೆ. ರೋಗ ಬಲಿತ ಮೇಲೆ ಕೊನೆಗಳಿಗೆಯಲ್ಲಿ ಒಪ್ಪಿಕೊಂಡರೆ ಜೀವ ಹೋಗುವುದು ರೋಗದಿಂದ, ಹೆಸರು ಕೆಡುವುದು ಸೂಜಿಯದು.

ಮೆದುಳು ಮತ್ತು ಬೆನ್ನುಹುರಿಯನ್ನು ಮೂರು ಪೊರೆಗಳು ಸುತ್ತಿಕೊಂಡಿವೆ. ಒಳಗಿನ ಎರಡು ಪೊರೆಗಳ ನಡುವೆ ತಿಳಿಯಾದ ಒಂದು ದ್ರವ ಸದಾ ಹರಿಯುತ್ತಿರುತ್ತದೆ, ಬೆನ್ನಿನ ನೀರು ಎನ್ನುವುದು ಇದನ್ನೇ. ದೊಡ್ಡವರಲ್ಲಿ ಅದು ಸುಮಾರು 150 ಮಿ.ಲೀ. ಇರುತ್ತದೆಯಾದರೂ ದೇಹ ದಿನಕ್ಕೆ 500 ಮಿ.ಲೀ.ನಷ್ಟು ಹೊಸದಾಗಿ ತಯಾರಿಸಿ, ಹಳೆಯದನ್ನು ರಕ್ತಕ್ಕೆ ಸೇರಿಸುತ್ತಲೇ ಇರುತ್ತದೆ. ರಕ್ತದಲ್ಲಿರುವ ಕಾವಲು ವ್ಯವಸ್ಥೆ ಈ ದ್ರವದಲ್ಲಿ ತೀರಾ ಕಡಿಮೆ. ಹಾಗಾಗಿ ನ್ಯೂಮೋಕಾಕಸ್‌ನಂತಹ ಬ್ಯಾಕ್ಟೀರಿಯಾ ಮೂಗು, ಗಂಟಲಿನಿಂದ ರಕ್ತಕ್ಕಿಳಿದು ಅಲ್ಲಿಂದ ಇಲ್ಲಿಗೆ ನುಸುಳಿದರೆ, ತಡೆಯುವವರಿಲ್ಲದೆ ಗಂಟೆಗಳ ಲೆಕ್ಕದಲ್ಲಿ ಹೆಚ್ಚುತ್ತದೆ. ಆಮೇಲೆ ದೇಹ ಎಚ್ಚೆತ್ತು ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಪೊರೆ ಉರಿಯೂತದಿಂದ ಊದಿಕೊಳ್ಳುತ್ತದೆ, ರಕ್ತನಾಳಗಳ ಗೋಡೆ ಸೋರತೊಡಗುತ್ತದೆ, ಗಟ್ಟಿ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಮೆದುಳಿಗೆ ಆಗುವ ಹಾನಿಯಲ್ಲಿ ರೋಗಾಣುವಿನ ಪಾಲು ಎಷ್ಟೋ, ಅದರ ವಿರುದ್ಧ ನಮ್ಮದೇ ದೇಹ ಹೂಡುವ ಕಾಳಗದ ಪಾಲೂ ಅಷ್ಟೇ ದೊಡ್ಡದು. ಆಂಟಿಬಯೋಟಿಕ್ ಜೊತೆಗೆ ಕೆಲವರಿಗೆ ಸ್ಟೀರಾಯ್ಡ್ ಕೊಡುವುದು ಇದೇ ಕಾರಣಕ್ಕೆ.

ಕತ್ತು ಬಗ್ಗಿಸಲಾಗದಷ್ಟು ಬಿಗಿಯಾಗುವುದೂ ಇದರಿಂದಲೇ. ತಲೆ ಮುಂದೆ ಬಾಗಿದಾಗ ಊದಿದ ಪೊರೆ ಜಗ್ಗಿ ನೋಯುತ್ತದೆ, ಸ್ನಾಯುಗಳು ಅದನ್ನು ತಡೆಯಲು ಸೆಟೆದುಕೊಳ್ಳುತ್ತವೆ. ಹಸುಗೂಸುಗಳಲ್ಲಿ ಈ ಲಕ್ಷಣ ಕಾಣಿಸದೇ ಇರಬಹುದು. ಹಾಲು ಕುಡಿಯದ, ಎತ್ತಿಕೊಂಡರೂ ಸಮಾಧಾನವಾಗದೆ ಕೀರಲು ದನಿಯಲ್ಲಿ ಅಳುವ ಅಥವಾ ಮಂಕಾಗಿ ಮಲಗಿಯೇ ಇರುವ ಮಗುವಿನ ನೆತ್ತಿಯ ಮೆತ್ತನೆಯ ಭಾಗ ಉಬ್ಬಿದ್ದರೆ ಬೆಳಗಾಗಲಿ ಎಂದು ಕಾಯಬಾರದು.

ಇನ್ನು ಸೂಜಿಯ ವಿಷಯ. ಬೆನ್ನುಹುರಿ ಇರುವುದು ಬೆನ್ನುಮೂಳೆಯ ಉದ್ದಕ್ಕೂ ಅಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ (ಬೆನ್ನುಮೂಳೆಯ ಮಣಿಯ) ಹತ್ತಿರ ಮುಗಿದುಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು ಮತ್ತು ನಾಲ್ಕನೆಯ ಅಥವಾ ನಾಲ್ಕು ಮತ್ತು ಐದನೆಯ ಕಶೇರುಕಗಳ ಸಂದಿಯಲ್ಲಿ. ಅಲ್ಲಿರುವುದು ದ್ರವದಲ್ಲಿ ತೇಲುವ ನರಗಳ ಎಳೆಗಳು ಮಾತ್ರ. ತೆಗೆಯುವ ಕೆಲವು ಮಿ.ಲೀ. ದ್ರವವನ್ನು ದೇಹ ಒಂದು ಗಂಟೆಯ ಆಸುಪಾಸಿನಲ್ಲಿ ತುಂಬಿಕೊಳ್ಳುತ್ತದೆ. ಕೆಲವರಿಗೆ ಆಮೇಲೆ ಕೆಲವು ದಿನ ತಲೆನೋವು ಬರುವುದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ತಲೆಯೊಳಗಿನ ಒತ್ತಡ ಅಪಾಯಕಾರಿಯಾಗಿ ಏರಿದ ಸೂಚನೆಯಿದ್ದರೆ ವೈದ್ಯರು ಮೊದಲು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, ಔಷಧಿಯನ್ನು ಮಾತ್ರ ಅದಕ್ಕಾಗಿ ಕಾಯಿಸುವುದಿಲ್ಲ.

ನಮ್ಮ ಮೇಜಿಗೆ ಬರುವ ನಳಿಕೆಯಲ್ಲಿ ಆರೋಗ್ಯವಂತರ ದ್ರವ ಕುಡಿಯುವ ನೀರಿನಿಂದ ಬೇರೆ ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ. ಬ್ಯಾಕ್ಟೀರಿಯಾದ ಸೋಂಕು ಜೋರಾಗಿದ್ದರೆ ಅದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರುತ್ತದೆ. ಸಕ್ಕರೆ ಅಂಶ ರಕ್ತದ ಸಕ್ಕರೆಯ ಮೂರನೇ ಎರಡರಷ್ಟು ಇರಬೇಕಾದದ್ದು ಕುಸಿದಿರುತ್ತದೆ, ಪ್ರೋಟೀನ್ ಏರಿರುತ್ತದೆ, ಒಂದು ಮೈಕ್ರೋಲೀಟರ್‌ನಲ್ಲಿ ಐದಕ್ಕಿಂತ ಹೆಚ್ಚಿರಬಾರದ ಬಿಳಿ ಕಣಗಳು ಸಾವಿರ ದಾಟಿರುತ್ತವೆ. ವೈರಸ್ ಆಗಿದ್ದರೆ ಸಕ್ಕರೆ ಬಹುಪಾಲು ಸರಿಯಾಗಿಯೇ ಇರುತ್ತದೆ, ಅಂಥವರಲ್ಲಿ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಷ್ಟು ನೇರವಾಗಿ ಹೇಳಲಾರದು. (ಜ್ವರವೆಂದು ಬಂದವರಿಗೆಲ್ಲ ಬೀದಿ ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ಚುಚ್ಚಿ ಕಳಿಸುವವರ ಮೇಲೆ ನನಗೆ ಸಿಟ್ಟಿದೆ, ಆಮೇಲೆ ನಾವು ರೋಗಾಣು ಬೆಳೆಸಿ ಗುರುತಿಸುವ ಕಲ್ಚರ್‌ಗೆ ಇಟ್ಟರೆ ಏನೂ ಬೆಳೆಯುವುದಿಲ್ಲ.)

ನಮ್ಮ ದೇಶದಲ್ಲಿ ಹೆಚ್ಚು ಕಾಡಿಸುವುದು ಕ್ಷಯದ ಮೆನಿಂಜೈಟಿಸ್. ಅದು ಅಬ್ಬರಿಸಿ ಬರುವುದಿಲ್ಲ. ಎರಡು ಮೂರು ವಾರ ಸಣ್ಣ ಜ್ವರ, ತಲೆನೋವು, ಊಟ ಸೇರದಿರುವುದು, ಸಿಡುಕು. ಮೈಗ್ರೇನ್ ಎಂದೋ ಪರೀಕ್ಷೆಯ ಭಯವೆಂದೋ ದಿನ ಹೋಗುತ್ತದೆ, ಕೆಲವು ಮನೆಗಳಲ್ಲಿ ತಾಯತವೂ ಕಟ್ಟಿಸಿ ಆಗಿರುತ್ತದೆ. ಅಷ್ಟರಲ್ಲಿ ಮೆದುಳಿನ ತಳದಲ್ಲಿ ದಪ್ಪ ಕೀವಿನಂಥ ಪದರ ಕಟ್ಟಿ, ಕಣ್ಣು ಹೊರಳಿಸುವ ನರವನ್ನು ಅಮುಕಿ ಮೆಳ್ಳೆಗಣ್ಣು ತರುತ್ತದೆ, ರಕ್ತನಾಳ ಕಟ್ಟಿ ಲಕ್ವ ಹೊಡೆಸುತ್ತದೆ, ದ್ರವದ ದಾರಿ ಮುಚ್ಚಿ ಮೆದುಳಿನೊಳಗೆ ನೀರು ತುಂಬಿಸುತ್ತದೆ. ಸೊಂಟ ಬೀಳುವ ಭಯಕ್ಕೆ ಸೂಜಿ ಬೇಡವೆಂದವರ ಮಗನಿಗೆ ಕೈಕಾಲು ಬೀಳುವುದು ಹೀಗೆ. ಈ ದ್ರವದಲ್ಲಿ ಕ್ಷಯದ ರೋಗಾಣು ವಿರಳವಾದ್ದರಿಂದ ಅದರ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಆರೇಳು ಮಿ.ಲೀ. ಸಿಕ್ಕರೆ ಒಳ್ಳೆಯದು, ನೆಗೆಟಿವ್ ಬಂದ ಮಾತ್ರಕ್ಕೆ ಕ್ಷಯವಿಲ್ಲವೆಂದೂ ಅಲ್ಲ. ಚಿಕಿತ್ಸೆ ಒಂಬತ್ತರಿಂದ ಹನ್ನೆರಡು ತಿಂಗಳು ನಡೆಯುತ್ತದೆ.

ಹುಟ್ಟಿದಾಗ ಹಾಕುವ ಬಿಸಿಜಿ ಮಕ್ಕಳನ್ನು ಈ ಬಗೆಯ ತೀವ್ರ ಕ್ಷಯದಿಂದ ಬಹುಮಟ್ಟಿಗೆ ಕಾಯುತ್ತದೆ. ಮಕ್ಕಳಲ್ಲಿ ಮೆನಿಂಜೈಟಿಸ್ ತರುವ ಇನ್ನೊಂದು ಬ್ಯಾಕ್ಟೀರಿಯಾವಾದ ಹಿಬ್‌ನ ಲಸಿಕೆ 2011ರಿಂದ ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್‌ನಲ್ಲಿ, ನ್ಯೂಮೋಕಾಕಸ್ ಲಸಿಕೆ 2017ರಿಂದ ಹಂತಹಂತವಾಗಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿವೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಿಂದ ಎದ್ದ ಮಗುವಿಗೆ ಕಿವುಡು ಉಳಿಯಬಹುದಾದ್ದರಿಂದ ಕಿವಿಯ ಪರೀಕ್ಷೆಯನ್ನು ಡಿಸ್ಚಾರ್ಜ್ ಹೊತ್ತಿಗೇ ಮಾಡಿಸಿ ಎಂದು ಕೇಳಿ ಪಡೆಯಿರಿ. ಒಳಕಿವಿ ಗಟ್ಟಿಯಾಗುವ ಮೊದಲು ಗೊತ್ತಾದರಷ್ಟೇ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಹಾಕುವುದು ಸುಲಭ.

ಒಪ್ಪದ ಮನೆಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಡುರಾತ್ರಿ ನಿದ್ದೆಗೆಟ್ಟ ಅಪ್ಪನ ಕೈಗೆ ಇಂಗ್ಲಿಷಿನ ಒಪ್ಪಿಗೆ ಪತ್ರ ಕೊಟ್ಟು "ಇಲ್ಲಿ ಸೈನ್ ಮಾಡಿ" ಎಂದರೆ ಅವನು ಹೆದರದೆ ಇನ್ನೇನು ಮಾಡಿಯಾನು? ಸೂಜಿ ಎಲ್ಲಿ ಹೋಗುತ್ತದೆ, ಎಷ್ಟು ತೆಗೆಯುತ್ತಾರೆ, ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಪರೀಕ್ಷೆ ಮಾಡಿಸದಿದ್ದರೆ ಏನಾಗಬಹುದು ಎಂಬ ಸಾಲೂ ಅದರಲ್ಲಿರಲಿ; ನಾನು ನೋಡಿದ ಪತ್ರಗಳಲ್ಲಿ ಮಾಡಿಸಿದರೆ ಏನಾಗಬಹುದು ಎಂಬ ಪಟ್ಟಿ ಮಾತ್ರ ಇದೆ.