ಹಾಳೆಯ ಮೇಲಿನ ಕಬಡ್ಡಿ

ಮಕ್ಕಳ ಮೈ ಬೆವರದಂತೆ ಅವರಿಗೆ ದೈಹಿಕ ಶಿಕ್ಷಣ ನೀಡಬಹುದೆಂದು ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿ ನಮ್ಮ ಬಳ್ಳಾರಿ ಸೀಮೆಯ ಶಾಲೆಗಳಿಗೆ ಸಲ್ಲಬೇಕು. ಇಲ್ಲಿನ ಪ್ರೌಢಶಾಲೆಯ ಯಾವ ಹುಡುಗನನ್ನು ಬೇಕಾದರೂ ಎಬ್ಬಿಸಿ ಕೇಳಿ: ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಂಕಣಕ್ಕಿಳಿಯುವವರು ತಂಡಕ್ಕೆ 7 ಮಂದಿ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಉಸಿರು ಹಿಡಿಯುವ ಅಭ್ಯಾಸವಾದರೂ ಆಯಿತಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳಬೇಕು.

ಮೈದಾನವಿಲ್ಲವೆಂದು ಯಾರೂ ದೂರುವಂತಿಲ್ಲ. ಶಾಲೆಗೊಂದು ಆಟದ ಮೈದಾನವಿರಬೇಕು, ಪ್ರತಿ ತರಗತಿಗೂ ಆಟದ ಸಾಮಗ್ರಿ ಒದಗಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಅದರಂತೆ ದಾಖಲೆಯಲ್ಲಿ ಮೈದಾನವಿದೆ, ಮೈದಾನದಲ್ಲಿ ಬಳ್ಳಾರಿ ಜಾಲಿಯಿದೆ. ಈ ಜಾಲಿಯನ್ನು ಕಡಿಸಿಕೊಡಿ ಎಂದು ಶಾಲೆಯವರು ಬರೆದ ಪತ್ರಗಳಿಗೆ ಬಾರದ ಉತ್ತರ, ಗಣ್ಯರೊಬ್ಬರ ಹೆಲಿಕಾಪ್ಟರ್ ಇಳಿಯುವುದು ಖಚಿತವಾದೊಡನೆ ಜೆಸಿಬಿಯ ರೂಪದಲ್ಲಿ ರಾತ್ರೋರಾತ್ರಿ ಬಂದಿಳಿಯುತ್ತದೆ. ನೆಲ ಸಮತಟ್ಟಾಗುತ್ತದೆ, ಧೂಳೇಳದಂತೆ ಟ್ಯಾಂಕರ್ ನೀರು ಬೀಳುತ್ತದೆ, ಸುಣ್ಣದಲ್ಲಿ ದುಂಡನೆಯ ಗೆರೆ ಎಳೆಯಲು ಪಿಟಿ ಮಾಸ್ತರರಿಗೆ ಕರೆ ಹೋಗುತ್ತದೆ. ಅವರು ವೃತ್ತಿಯಲ್ಲಿ ಕಲಿತ ವಿದ್ಯೆ ಆ ಮೈದಾನದಲ್ಲಿ ಬಳಕೆಯಾಗುವುದು ಬಹುಶಃ ಅಂದು ಮಾತ್ರ. ಮಕ್ಕಳಿಗೆ ಅಂದು ರಜೆ. ಕಾರ್ಯಕ್ರಮ ಮುಗಿದ ಮೇಲೆ ಶಾಮಿಯಾನದ ಗೂಟ ಕಿತ್ತ ಕುಳಿಗಳು ಉಳಿಯುತ್ತವೆ. ಸರ್ಕಾರಕ್ಕೆ ಒಂದು ಪೈಸೆಯ ಖರ್ಚಿಲ್ಲದೆ ಉದ್ದಜಿಗಿತದ ಗುಂಡಿಗಳು ಸಿದ್ಧವಾದವು ಎಂದು ವರದಿ ಬರೆಯಲು ಅಡ್ಡಿಯಿಲ್ಲ.

ಇನ್ನುಳಿದ ದಿನಗಳಲ್ಲಿ ಪಿಟಿ ಮಾಸ್ತರರಿಗೆ ಕೆಲಸಕ್ಕೇನೂ ಕೊರತೆಯಿಲ್ಲ. ಜಾಥಾದಲ್ಲಿ ಮಕ್ಕಳ ಸಾಲು ಕೆಡದಂತೆ ನೋಡುವುದು, ಮೈಕ್ ಹೊಂದಿಸುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ತಡೆಯುವುದು, ಬಿಸಿಯೂಟದ ಸರದಿ ಕಾಯುವುದು, ಎಲ್ಲವೂ ಅವರದೇ. ಅವರ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕೈಗಡ ಪಡೆಯುತ್ತಾರೆ, ಹಿಂದಿರುಗಿಸಿದ್ದನ್ನು ಕಂಡವರಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಓಟಕ್ಕೆ ಒಂದಂಕವೂ ಇಲ್ಲದಿರುವಾಗ ಪಾಲಕರಾದರೂ ಏಕೆ ಕೇಳಿಯಾರು? ದೈಹಿಕ ಶಿಕ್ಷಣಕ್ಕೆ ಪಠ್ಯಪುಸ್ತಕವಿದೆ, ಪ್ರಶ್ನೆಯಿದೆ, ಶ್ರೇಣಿಯಿದೆ. ದೇಹವೊಂದನ್ನು ಬಿಟ್ಟು ಶಿಕ್ಷಣಕ್ಕೆ ಬೇಕಾದುದೆಲ್ಲವೂ ಇದೆ.

ಇದೇ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಖಾಸಗಿ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಪಡೆದ ನೀರಜ್ ಚೋಪ್ರಾ, 2021ರಲ್ಲಿ ಟೋಕಿಯೊದಲ್ಲಿ 87.58 ಮೀಟರ್ ದೂರಕ್ಕೆ ಜಾವೆಲಿನ್ ಎಸೆದು ಚಿನ್ನ ಗೆದ್ದರು. ನಮ್ಮ ಮಕ್ಕಳೇನೂ ಹಿಂದೆ ಬಿದ್ದಿಲ್ಲ. ಪುರುಷರ ಜಾವೆಲಿನ್ನಿನ ತೂಕ 800 ಗ್ರಾಂ ಎಂದು ಬರೆದು ಪೂರ್ತಿ ಅಂಕ ಗಳಿಸಿದ್ದಾರೆ. ಆ 800 ಗ್ರಾಂ ಕೈಗೆ ಎಷ್ಟು ಭಾರವೆಂಬುದು ಪಠ್ಯದಾಚೆಯ ಸಂಗತಿ.

ಧ್ಯಾನ್‌ಚಂದರ ಜನ್ಮದಿನವಾದ ಆಗಸ್ಟ್ 29ನ್ನು, ಅಂದರೆ ರಾಷ್ಟ್ರೀಯ ಕ್ರೀಡಾ ದಿನವನ್ನು, ಆಚರಿಸಲೇಬೇಕಲ್ಲ. ಅಂದು ‘ಕ್ರೀಡೆಯ ಮಹತ್ವ’ ಕುರಿತು ಕೊಠಡಿಯಲ್ಲಿ ಪ್ರಬಂಧ ಸ್ಪರ್ಧೆ ನಡೆಯುತ್ತದೆ. ಅಲುಗಾಡದೆ ಕುಳಿತು ಬರೆದು ಮೊದಲನೆಯವಳಾದ ಹುಡುಗಿಗೆ ಸ್ಕಿಪ್ಪಿಂಗ್ ಹಗ್ಗ ಬಹುಮಾನ. ಫೋಟೊ ತೆಗೆಸಿಕೊಂಡ ಮೇಲೆ ಅದನ್ನು ಅವಳಿಂದ ಮರಳಿ ಪಡೆದು, ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಬೀರುವಿನೊಳಗಿಟ್ಟು ಬೀಗ ಹಾಕಲಾಗುತ್ತದೆ. ಆಡಿ ಹರಿದುಹೋದರೆ ಆಡಿಟ್ಟಿನವರಿಗೆ ಉತ್ತರಿಸಬೇಕಾದವರು ಮುಖ್ಯೋಪಾಧ್ಯಾಯರು.