ಸಂಜೆ ಆರೂವರೆಯ ಪ್ರಶ್ನೆ ಮತ್ತು ನಮ್ಮ ಮನೆಯ ದಿನಸಿ ಲೆಕ್ಕ

ಕಳೆದ ಜೂನ್ ತಿಂಗಳಲ್ಲಿ, ಮಗಳು ಅರ್ಧ ಬರೆದು ಬಿಟ್ಟಿದ್ದ ಒಂದು ನೋಟ್‌ಬುಕ್ಕನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ದಾರದಿಂದ ಕಟ್ಟಿ, ಆ ಮೂವತ್ತು ದಿನಗಳಲ್ಲಿ ಮನೆಯೊಳಕ್ಕೆ ಬಂದ ಪ್ರತಿಯೊಂದು ತಿನ್ನುವ ವಸ್ತುವಿನ ಬೆಲೆಯನ್ನೂ ಬರೆಯುತ್ತಾ ಹೋದೆ. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ನಾವು ನಾಲ್ವರು: ನಾನು, ನನ್ನ ಯಜಮಾನರು, ಅತ್ತೆ ಮತ್ತು ಪಿಯುಸಿ ಓದುತ್ತಿರುವ ಮಗಳು. ತಿಂಗಳ ಕೊನೆಗೆ ಕೂಡಿಸಿದಾಗ ಒಟ್ಟು 18,340 ರೂಪಾಯಿ ಆಗಿತ್ತು. ಹೋಟೆಲಿನ ಊಟವನ್ನು ನಾನು ಇದರಲ್ಲಿ ಸೇರಿಸಿರಲಿಲ್ಲ. ಅಂಗಡಿಯ ದಿನಸಿಗೆ 5,200, ಹಾಲು ಮೊಸರು ತುಪ್ಪಕ್ಕೆ 3,300, ತರಕಾರಿ ಹಣ್ಣಿಗೆ 4,100, ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗೆ 1,480. ಉಳಿದ 4,260 ರೂಪಾಯಿ ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್‌ಗಳಿಗೆ ಹೋಗಿತ್ತು. ಮೂವತ್ತು ದಿನಕ್ಕೆ ಮೂವತ್ತೊಂದು ಆರ್ಡರ್.

ಈ ಕೊನೆಯ ಅಂಕಿಯ ಮುಂದೆ ನಾನು ಬಹಳ ಹೊತ್ತು ಕುಳಿತೆ, ಏಕೆಂದರೆ ನಮ್ಮ ಮನೆಯಲ್ಲಿ ಬೆಲೆಯೇರಿಕೆಯ ಬಗ್ಗೆ ಮಾತಿಗೇನೂ ಕೊರತೆಯಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ಬೆಲೆ ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ನಾವು ಒಂದು ವಾರ ಅದನ್ನೇ ಮಾತಾಡಿದ್ದೆವು. ದಿನಕ್ಕೆ ಒಂದೂವರೆ ಲೀಟರ್ ಹಾಲು ಕೊಳ್ಳುವ ನಮಗೆ ಅದರಿಂದ ಹೆಚ್ಚಾದದ್ದು ತಿಂಗಳಿಗೆ 180 ರೂಪಾಯಿ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕಿ, ಗೊಜ್ಜು ನಿಲ್ಲಿಸಿ, ಏನೋ ದೊಡ್ಡ ವ್ರತ ಹಿಡಿದವರಂತೆ ನಡೆದುಕೊಂಡಿದ್ದೆವು. ತಿಂಗಳಿಗೆ ಐದು ಕಿಲೋ ಟೊಮೇಟೊ ಬಳಸುವ ಮನೆಗೆ ಆಗ ಬಿದ್ದ ಹೆಚ್ಚಿನ ಹೊರೆ ನಾನೂರರ ಆಸುಪಾಸು. ಇಷ್ಟೆಲ್ಲ ಎಚ್ಚರವಿದ್ದ ಮನೆಯಲ್ಲಿ ನಾಲ್ಕು ಸಾವಿರದ ಇನ್ನೂರ ಅರವತ್ತು ರೂಪಾಯಿಯ ಬಗ್ಗೆ ಒಬ್ಬರೂ ಒಂದು ಮಾತನ್ನೂ ಆಡಿರಲಿಲ್ಲ. ಅದು ನೂರು, ನೂರಿಪ್ಪತ್ತು, ನೂರೈವತ್ತರಂತೆ ಬಿಡಿಬಿಡಿಯಾಗಿ ಹೋಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆರ್ಡರುಗಳ ಹೊತ್ತನ್ನು ಫೋನಿನಲ್ಲಿ ನೋಡಿದೆ. ಹೆಚ್ಚಿನವು ಸಂಜೆ ಆರೂವರೆಯಿಂದ ಎಂಟರ ನಡುವಿನವು. ಕಾರಣ ನನಗೆ ಗೊತ್ತಿತ್ತು. ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ "ಅಮ್ಮಾ, ಇವತ್ತು ಏನು ಅಡುಗೆ?" ಎಂಬ ಪ್ರಶ್ನೆ ಬರುತ್ತದೆ. ಆ ಹೊತ್ತಿಗೆ ಉತ್ತರ ಹುಡುಕಲು ಹೊರಟವರಿಗೆ ಫ್ರಿಜ್ಜಿನಲ್ಲಿರುವ ಸೋರೆಕಾಯಿ ಕಾಣಿಸುವುದಿಲ್ಲ, ಇಲ್ಲದ ಪನೀರ್ ಮಾತ್ರ ನೆನಪಾಗುತ್ತದೆ. ಪನೀರ್ ತರಿಸುವಾಗ ಕೊತ್ತಂಬರಿ ಸೊಪ್ಪು ಇರಲಿ ಎನಿಸುತ್ತದೆ. ಡೆಲಿವರಿ ಶುಲ್ಕ ತಪ್ಪಿಸಲು ಇನ್ನು ನಲವತ್ತು ರೂಪಾಯಿಯ ಸಾಮಾನು ಸೇರಿಸಿ ಎಂದು ಫೋನು ಹೇಳಿದಾಗ ಒಂದು ಚಿಪ್ಸ್ ಪೊಟ್ಟಣ ಸೇರುತ್ತದೆ. ಇಷ್ಟಾದರೂ ಆ ಒಂದು ತಿಂಗಳಲ್ಲಿ ಡೆಲಿವರಿ, ಹ್ಯಾಂಡ್ಲಿಂಗ್ ಎಂದು ಕಟ್ಟಿದ ಶುಲ್ಕವೇ ಸುಮಾರು 600 ರೂಪಾಯಿ ಇತ್ತು. ಕೊತ್ತಂಬರಿ ಸೊಪ್ಪನ್ನು ಒಂಬತ್ತು ಸಲ ತರಿಸಿದ್ದೆವು. ಅದರಲ್ಲಿ ಎಷ್ಟು ಕಟ್ಟುಗಳು ಫ್ರಿಜ್ಜಿನ ಕೆಳಗಿನ ಡಬ್ಬದಲ್ಲೇ ಕೊಳೆತು ಕಸದ ಬುಟ್ಟಿ ಸೇರಿದವು ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ದಿನಸಿಯ ಖರ್ಚು ಇಳಿಸುವುದೆಂದರೆ ಅಗ್ಗದ ಅಂಗಡಿಯನ್ನು ಹುಡುಕುವುದು ಎಂದು ನಾನೂ ನಂಬಿದ್ದೆ. ಆದ್ದರಿಂದ ಮೊದಲು ಮಾಡಿದ್ದೇ ತಪ್ಪು ಕೆಲಸ. ಶಕ್ತಿ ಯೋಜನೆಯಿಂದಾಗಿ ಹೆಂಗಸರು ಬಸ್ಸಿಗೆ ಕಾಸು ಕೊಡಬೇಕಿಲ್ಲವಲ್ಲ ಎಂಬ ಹುಮ್ಮಸ್ಸಿನಲ್ಲಿ ಜುಲೈನ ಮೊದಲ ಭಾನುವಾರ ಬೆಳಗ್ಗೆಯೇ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಎರಡು ಚೀಲ ತುಂಬ ತರಕಾರಿ ಹೊತ್ತುಕೊಂಡು ಬಂದೆ. ಐದು ಕಿಲೋ ಟೊಮೇಟೊ, ಎರಡು ಕಿಲೋ ಹುರುಳಿಕಾಯಿ, ನಾಲ್ಕು ಬಗೆಯ ಸೊಪ್ಪು, ಎಲ್ಲವೂ ನಮ್ಮ ಬೀದಿಯ ಬೆಲೆಗಿಂತ ಬಹಳ ಕಡಿಮೆಗೆ ಸಿಕ್ಕಿದ್ದವು. ಗುರುವಾರದ ಹೊತ್ತಿಗೆ ಸೊಪ್ಪು ಹಳದಿ ತಿರುಗಿತು, ಶನಿವಾರಕ್ಕೆ ಟೊಮೇಟೊ ಒಂದೂವರೆ ಕಿಲೋ ಕೊಳೆಯಿತು. ಎಸೆದದ್ದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ನಮ್ಮ ಬೀದಿಯ ತಳ್ಳುಗಾಡಿಯಲ್ಲಿ ಕಾಲು ಕಿಲೋ, ಅರ್ಧ ಕಿಲೋ ಕೊಂಡಿದ್ದರೇ ಅಗ್ಗವಾಗುತ್ತಿತ್ತು. ಹದಿನೈದು ಜನರ ಕೂಡುಕುಟುಂಬಕ್ಕೋ, ಮನೆಯ ಸಮಾರಂಭಕ್ಕೋ ಸಗಟು ಮಾರುಕಟ್ಟೆ ಸರಿ. ನಾಲ್ಕು ಜನರ ಮನೆಗೆ ಬೇಕಾದಷ್ಟನ್ನು ಮಾತ್ರ ತರಬಹುದಾದ ಮಾರುಕಟ್ಟೆಯೇ ಅಗ್ಗದ್ದು. ಈಗ ನಾನು ವಾರಕ್ಕೆರಡು ಸಲ ಹತ್ತಿರದ ಹಾಪ್‌ಕಾಮ್ಸ್ ಮಳಿಗೆಗೂ, ಗಾಂಧಿ ಬಜಾರಿನ ಕಡೆ ಕೆಲಸವಿದ್ದ ದಿನ ಅಲ್ಲಿಗೂ ಹೋಗುತ್ತೇನೆ. 1959ರಲ್ಲಿ ಶುರುವಾದ ಹಾಪ್‌ಕಾಮ್ಸ್ ಎಂಬ ಈ ಬೆಳೆಗಾರರ ಸಹಕಾರ ಸಂಸ್ಥೆಯ ಮಳಿಗೆಯಲ್ಲಿ ದಿನದ ದರವನ್ನು ಫಲಕದಲ್ಲಿ ಬರೆದಿರುತ್ತಾರೆ. ಕೊಳ್ಳದಿದ್ದರೂ ಅದನ್ನೊಮ್ಮೆ ಓದಿಕೊಂಡರೆ ಬೇರೆಡೆ ಚೌಕಾಸಿಗೆ ಆಧಾರ ಸಿಗುತ್ತದೆ.

ಎರಡನೆಯ ತಪ್ಪು ಅಡುಗೆಯ ಪಟ್ಟಿಯದು. ಸೋಮವಾರದಿಂದ ಭಾನುವಾರದವರೆಗೆ ಮೂರು ಹೊತ್ತಿಗೂ ಇಂಥದ್ದೇ ತಿನಿಸು ಎಂದು ಗೆರೆ ಎಳೆದು ಬರೆದು, ಭಾನುವಾರವೇ ಎಲ್ಲವನ್ನೂ ಹೆಚ್ಚಿ ಡಬ್ಬಗಳಲ್ಲಿ ತುಂಬಿಡುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನಾನು ಹಾಗೆಯೇ ಬರೆದು ಅಂಟಿಸಿದೆ. ಅದು ಬುಧವಾರದವರೆಗೆ ನಡೆಯಿತು. ಬುಧವಾರಕ್ಕೆಂದು ಬರೆದಿದ್ದ ಹೀರೇಕಾಯಿ ಅಂದು ಬಲಿತದ್ದೇ ಸಿಕ್ಕಿತು, ಗುರುವಾರ ಅತ್ತೆಗೆ ಸಂಕಷ್ಟ ಚತುರ್ಥಿಯ ಉಪವಾಸ, ಶುಕ್ರವಾರ ಮಗಳು ಗೆಳತಿಯ ಮನೆಯಲ್ಲಿ ಉಂಡು ಬಂದಳು. ಪಟ್ಟಿ ತಪ್ಪಿತು ಎಂದ ಮೇಲೆ ಮತ್ತೆ ಫೋನು ಕೈಗೆ ಬಂತು.

ಪಟ್ಟಿಯನ್ನು ತೆಗೆದು ಹಾಕುತ್ತಿದ್ದಾಗ ಅತ್ತೆ ಅಂದರು: "ನೀನು ತರಕಾರಿ ಹೆಸರು ಬರೀತೀಯಲ್ಲಮ್ಮ, ಅದನ್ನ ಸಂತೆ ಹೇಳ್ಬೇಕು. ನಾವು ಹೇಳ್ಬೇಕಾದ್ದು ಸಾರು ಯಾವುದು ಅಂತ ಅಷ್ಟೇ." ಅವರು ಬೆಳೆದದ್ದು ಮಾಗಡಿಯ ಕಡೆಯ ಹಳ್ಳಿಯಲ್ಲಿ. ಅಲ್ಲಿ ವಾರಕ್ಕೊಮ್ಮೆ ಸಂತೆ ಸೇರುತ್ತಿತ್ತು, ಮನೆಯಲ್ಲಿ ಫ್ರಿಜ್ಜಿನ ಹೆಸರೂ ಇರಲಿಲ್ಲ. ಸಂತೆಯ ದಿನ ಮತ್ತು ಮರುದಿನ ಸೊಪ್ಪು, ಆಮೇಲೆ ಬದನೆ, ಹುರುಳಿಕಾಯಿಯಂಥ ತರಕಾರಿ, ವಾರದ ಕೊನೆಗೆ ಕುಂಬಳ, ಸೋರೆ, ಆಲೂಗಡ್ಡೆ ಅಥವಾ ಕಾಳು, ಹೀಗೆ ಬೇಗ ಕೆಡುವುದು ಮೊದಲು ಎಂಬ ಕ್ರಮ ತಾನಾಗಿಯೇ ನಡೆಯುತ್ತಿತ್ತು. ಆಗಸ್ಟಿನಿಂದ ನಮ್ಮ ಫ್ರಿಜ್ಜಿನ ಮೇಲಿರುವ ಹಾಳೆಯಲ್ಲಿ ತರಕಾರಿಯ ಹೆಸರೇ ಇಲ್ಲ. ಎರಡು ದಿನ ಸೊಪ್ಪು, ಎರಡು ದಿನ ತರಕಾರಿ ಹುಳಿ, ಎರಡು ದಿನ ಕಾಳು, ಒಂದು ದಿನ ಉಳಿದದ್ದು ಎಂದಷ್ಟೇ ಬರೆದಿದೆ. ಯಾವ ಸೊಪ್ಪು, ಯಾವ ತರಕಾರಿ ಎಂಬುದನ್ನು ಅಂದಿನ ಬೆಲೆ ನೋಡಿ ಗಾಡಿಯ ಮುಂದೆಯೇ ತೀರ್ಮಾನಿಸುತ್ತೇನೆ. ಸಂಜೆಯ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಬೆಳಗ್ಗೆಯೇ ಸಿದ್ಧವಿರುತ್ತದೆ. ಕಾಳಿನ ದಿನವಾದರೆ ಹಿಂದಿನ ರಾತ್ರಿಯೇ ಅಲಸಂದೆಯನ್ನೋ ಹೆಸರುಕಾಳನ್ನೋ ನೆನೆಹಾಕಿರುತ್ತೇವೆ. ನೆನೆದ ಕಾಳು ಒಲೆಯ ಪಕ್ಕದಲ್ಲಿರುವಾಗ ಪನೀರಿನ ನೆನಪು ಬರುವುದು ಕಡಿಮೆ.

ನಮ್ಮ ಅಡುಗೆಯಲ್ಲಿ ಈ ಯೋಜನೆ ಎಷ್ಟು ಒಳಗಿನಿಂದಲೇ ಇದೆ ಎಂಬುದು ನನಗೆ ಆಮೇಲೆ ಹೊಳೆಯಿತು. ಬಸ್ಸಾರನ್ನೇ ನೋಡಿ: ದಂಟಿನ ಸೊಪ್ಪನ್ನೂ ತೊಗರಿಬೇಳೆಯನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು ಮಾಡಿ, ಮಿಕ್ಕ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯುವಿಕೆಯಲ್ಲಿ ಎರಡು ಅಡುಗೆ, ಗ್ಯಾಸೂ ಉಳಿತಾಯ. ಒಮ್ಮೆ ರುಬ್ಬಿದ ಹಿಟ್ಟು ಮೊದಲ ದಿನ ಇಡ್ಲಿ, ಎರಡನೆಯ ದಿನ ದೋಸೆ, ಮೂರನೆಯ ದಿನ ಹುಳಿ ಬಂದ ಮೇಲೆ ಈರುಳ್ಳಿ ಹಾಕಿ ಪಡ್ಡು. ಹೀರೇಕಾಯಿ ಹುಳಿಗೆ, ಅದರ ಸಿಪ್ಪೆ ಚಟ್ನಿಗೆ. ರಾತ್ರಿಯ ಅನ್ನ ಬೆಳಗ್ಗೆಯ ಚಿತ್ರಾನ್ನಕ್ಕೆ. ಇವೆಲ್ಲ ನಮಗೆ ಗೊತ್ತಿಲ್ಲದ ವಿದ್ಯೆಗಳಲ್ಲ. ದೋಸೆ ಹಿಟ್ಟನ್ನೂ ಪೊಟ್ಟಣದಲ್ಲಿ ತರಿಸಲು ಶುರುಮಾಡಿದ ದಿನ ಈ ಸರಪಳಿಯ ಮೊದಲ ಕೊಂಡಿ ಕಳಚುತ್ತದೆ, ಅಷ್ಟೇ. ಹಾಗೆಂದು ಪೊಟ್ಟಣ ಕೊಳ್ಳುವವರನ್ನು ನಾನು ದೂಷಿಸುವುದಿಲ್ಲ. ಎರಡು ಪಾಳಿಯಲ್ಲಿ ದುಡಿಯುವ ಮನೆಯಲ್ಲಿ ರುಬ್ಬುವ ಹೊತ್ತಿಗೂ ಬೆಲೆಯಿದೆ. ನಮ್ಮಲ್ಲಿ ಈಗ ಅಕ್ಕಿ ಉದ್ದು ತೊಳೆದು ನೆನೆಹಾಕುವುದು ಅತ್ತೆ, ರುಬ್ಬುವುದು ಯಜಮಾನರು. ಆ ಕೆಲಸವೂ ನನ್ನ ತಲೆಗೇ ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಂಗಡಿಯ ದಿನಸಿಯಲ್ಲಿ ಉಳಿದದ್ದು ದೊಡ್ಡ ಮೊತ್ತವಲ್ಲ, ಆದರೆ ಅಲ್ಲಿ ಕಲಿತದ್ದು ಹೆಚ್ಚು. ಸೋನಾ ಮಸೂರಿ ಅಕ್ಕಿಯ ಮೂಟೆ 25ರ ಬದಲು 26 ಕಿಲೋ ಏಕೆ ಬರುತ್ತದೆ ಎಂದು ಯೋಚಿಸಿದ್ದೀರಾ? 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ 25 ಕಿಲೋವರೆಗಿನ ಚೀಲಗಳಲ್ಲಿ ಶೇಕಡಾ 5 ಜಿಎಸ್‌ಟಿ ಇದೆ. ಅದಕ್ಕಿಂತ ಹೆಚ್ಚು ತೂಕದ ಚೀಲಕ್ಕೂ, ಅಂಗಡಿಯವರು ಕಣ್ಣೆದುರೇ ತೂಗಿ ಕೊಡುವ ಬಿಡಿ ಸಾಮಾನಿಗೂ ಇಲ್ಲ. ಆ ಒಂದು ಕಿಲೋದಲ್ಲಿ ಇಷ್ಟು ಕಥೆಯಿದೆ. ಹಾಗೆಂದು ಮೂಟೆ ಕೊಳ್ಳುವುದು ಎಲ್ಲರಿಗೂ ಲಾಭವಲ್ಲ. ನಾವು ದಿನಕ್ಕೆ ಎರಡೂಕಾಲು ಪಾವು, ಅಂದರೆ ಸುಮಾರು 450 ಗ್ರಾಂ ಅಕ್ಕಿ ಬೇಯಿಸುತ್ತೇವೆ ಎಂದು ಅಳೆದು ನೋಡಿದ ಮೇಲೆ, ಒಂದು ಮೂಟೆ ಹತ್ತಿರಹತ್ತಿರ 58 ದಿನ ಬರುತ್ತದೆ ಎಂದು ತಿಳಿಯಿತು. ಎರಡು ತಿಂಗಳಿಗೆ ಹುಳ ಬೀಳದಂತೆ ಒಣಗಿದ ಬೇವಿನ ಸೊಪ್ಪು ಹಾಕಿ ಕಾಪಾಡಬಹುದು. ತಿಂಗಳಿಗೆ ಐದು ಕಿಲೋ ಬೇಯಿಸುವ ಇಬ್ಬರ ಮನೆಗೆ ಅದೇ ಮೂಟೆ ಐದು ತಿಂಗಳು ಕೂರುತ್ತದೆ. ಅವರು ಬಿಡಿಯಾಗಿ ಕೊಳ್ಳುವುದೇ ಮೇಲು.

ಎಣ್ಣೆಯಲ್ಲಿ ಮಾತ್ರ ನಾನು ಹಲವು ವರ್ಷ ಮೋಸಹೋಗಿದ್ದೆ, ಅಥವಾ ಓದದೆ ಕೊಂಡಿದ್ದೆ ಎನ್ನುವುದೇ ನ್ಯಾಯ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ದಪ್ಪವಿರುವ ಪೌಚಿನ ಮೂಲೆಯಲ್ಲಿ 850 ಗ್ರಾಂ ಅಥವಾ ಇನ್ನೂ ಕಡಿಮೆ ಎಂದು ಮುದ್ರಿಸಿರುವುದುಂಟು, ಬೆಲೆ ಎಂಟೋ ಹತ್ತೋ ರೂಪಾಯಿ ಕಡಿಮೆ ಇರುವುದರಿಂದ ನಾವು ಅದನ್ನೇ ಎತ್ತಿಕೊಳ್ಳುತ್ತೇವೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಹತ್ತಿರವೇ, ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಬೀಳುತ್ತದೆ ಎಂಬ ಬೆಲೆಯನ್ನೂ ಈಗ ಮುದ್ರಿಸಿರುತ್ತಾರೆ. ಅಕ್ಷರ ಇರುವೆಯ ಗಾತ್ರದ್ದು. ನನ್ನಂತೆ ನಲವತ್ತು ದಾಟಿದವರು ಕನ್ನಡಕ ಮರೆಯದೆ ಹೋಗಬೇಕು.

ಈ ತೂಕದ ಲೆಕ್ಕ ಇನ್ನೊಂದು ವಿಷಯವನ್ನೂ ತೋರಿಸಿತು. ನಮ್ಮ ಮನೆಗೆಲಸಕ್ಕೆ ಬರುವಾಕೆ ಎಣ್ಣೆಯನ್ನು ಸಣ್ಣ ಪೌಚಿನಲ್ಲಿ, ಬೇಳೆಯನ್ನು ಕಾಲು ಕಿಲೋದಂತೆ ಕೊಳ್ಳುತ್ತಾರೆ. ಅವರು ಕೊಡುವ ಕಿಲೋವಾರು ಬೆಲೆ ನಾನು ಕೊಡುವುದಕ್ಕಿಂತ ಹೆಚ್ಚು. ಲೆಕ್ಕ ಬಾರದ್ದಕ್ಕಲ್ಲ, ತಿಂಗಳ ಸಾಮಾನಿಗೆ ಒಮ್ಮೆಗೇ ಐದು ಸಾವಿರ ಎಣಿಸುವ ಅನುಕೂಲ ಇಲ್ಲದ್ದಕ್ಕೆ. ಮನೆ ಖರ್ಚಿನ ಬಗ್ಗೆ ಬುದ್ಧಿ ಹೇಳುವ ಬರಹಗಳು, ಇದೂ ಸೇರಿ, ಒಂದಿಷ್ಟು ದುಡ್ಡು ಮುಂಚಿತವಾಗಿ ಕೈಯಲ್ಲಿರುವವರಿಗೆ ಮಾತ್ರ ಉಪಯೋಗ ಎಂಬುದನ್ನು ಒಪ್ಪಿಕೊಳ್ಳಬೇಕು.

ಕೇಂದ್ರ ಸರ್ಕಾರದ 2023-24ರ ಮನೆವಾರು ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಭಾರತದ ನಗರಗಳಲ್ಲಿ ಒಬ್ಬರ ತಿಂಗಳ ವೆಚ್ಚ ಸರಾಸರಿ 6,996 ರೂಪಾಯಿ, ಅದರಲ್ಲಿ ಆಹಾರದ ಪಾಲು ಶೇಕಡಾ 40ರ ಹತ್ತಿರ. ಆ ಆಹಾರದ ಪಾಲಿನಲ್ಲಿಯೂ ಅತಿ ಹೆಚ್ಚು ಹೋಗುವುದು ಹಾಲಿಗಲ್ಲ, ತರಕಾರಿಗಲ್ಲ, ಪಾನೀಯ ಮತ್ತು ಸಂಸ್ಕರಿಸಿದ ತಿನಿಸುಗಳಿಗೆ. ಇದನ್ನು ಓದಿದಾಗ ನನ್ನ ಜೂನ್ ತಿಂಗಳ ನೋಟ್‌ಬುಕ್ಕನ್ನೇ ಯಾರೋ ದೇಶದ ಮಟ್ಟಕ್ಕೆ ಹಿಗ್ಗಿಸಿದಂತೆ ಕಂಡಿತು. ಅಕ್ಕಿಯ ಬೆಲೆಗೆ ನಾವು ಬೈಯುತ್ತೇವೆ, ದುಡ್ಡು ಬಿಸ್ಕತ್ತಿನ ಪೊಟ್ಟಣದ ದಾರಿಯಲ್ಲಿ ಹೋಗುತ್ತಿರುತ್ತದೆ.

ನವೆಂಬರಿನ ಲೆಕ್ಕ ಹೀಗಿದೆ: ದಿನಸಿ 4,750, ಹಾಲು ಮತ್ತು ತುಪ್ಪ 2,900, ತರಕಾರಿ ಹಣ್ಣು 3,400, ಬೇಕರಿ 1,300, ಆ್ಯಪ್ 850. ಒಟ್ಟು 13,200. ಉಳಿದದ್ದು 5,140 ರೂಪಾಯಿ, ಅದರಲ್ಲಿ 3,410 ಸಂಜೆಯ ಆರ್ಡರುಗಳು ನಿಂತದ್ದರಿಂದಲೇ. ಹಾಲಿನಲ್ಲಿ ಉಳಿದದ್ದು ಮೊಸರಿನ ಪೊಟ್ಟಣ ಬಿಟ್ಟು ಮನೆಯಲ್ಲೇ ಹೆಪ್ಪು ಹಾಕಿದ್ದರಿಂದ. ಬೇಕರಿಯ ಸಾಲಿನಲ್ಲಿ ಹೆಚ್ಚೇನೂ ಇಳಿದಿಲ್ಲ. ಶನಿವಾರದ ಖಾರಾ ಬನ್ನು ಮತ್ತು ಅತ್ತೆಯ ಬೆಣ್ಣೆ ಬಿಸ್ಕತ್ತನ್ನು ಮುಟ್ಟಬಾರದು ಎಂದು ಮನೆಯಲ್ಲಿ ಒಮ್ಮತದ ನಿರ್ಣಯವಾಗಿದೆ, ನಾನೂ ಅದಕ್ಕೆ ಕೈಯೆತ್ತಿದ್ದೇನೆ. ಆ್ಯಪನ್ನು ಫೋನಿನಿಂದ ತೆಗೆದಿಲ್ಲ. ನವೆಂಬರಿನಲ್ಲಿ ಆರು ಸಲ ಬಳಸಿದೆವು. ಒಮ್ಮೆ ರಾತ್ರಿ ಒಂಬತ್ತಕ್ಕೆ ಊರಿನಿಂದ ನೆಂಟರು ಬಂದಿಳಿದಾಗ ಅದರಷ್ಟು ಉಪಕಾರಿ ಇನ್ನೊಂದಿರಲಿಲ್ಲ.

ಈಗ ಇರುವ ಚರ್ಚೆ ಡಿಸೆಂಬರಿನದು. ಸೊಗಡು ಅವರೆ ಬಂದಿದೆ, ಗಾಂಧಿ ಬಜಾರಿನಲ್ಲಿ ಹಾದುಹೋದರೆ ಮೂಗೇ ಹೇಳುತ್ತದೆ. ಕಾಯಿ ಸುಲಿದರೆ ಸಿಪ್ಪೆಯದೇ ರಾಶಿ, ಕಾಳನ್ನು ನೆನೆಹಾಕಿ ಹಿತಕಿದರೆ ಅದರಲ್ಲೂ ಇನ್ನಷ್ಟು ಕಳೆದು ಹೋಗುತ್ತದೆ. ಆದ್ದರಿಂದ ಕೊಂಡ ತೂಕಕ್ಕೂ ತಟ್ಟೆಗೆ ಬೀಳುವುದಕ್ಕೂ ಯಾವ ಲೆಕ್ಕವೂ ಕೂಡುವುದಿಲ್ಲ. ನಾನು ತರಕಾರಿಯ ಸಾಲಿನಿಂದ ಬೇರೆ ಮಾಡಿ ಅವರೆಕಾಯಿಗೆಂದೇ 800 ರೂಪಾಯಿ ಬರೆದಿದ್ದೆ. ನಿನ್ನೆ ನೋಡಿದರೆ ಅತ್ತೆ ಅದನ್ನು ಪೆನ್ಸಿಲಿನಲ್ಲಿ 1,200 ಎಂದು ತಿದ್ದಿದ್ದಾರೆ.